ಒಂದೇ ಓವನ್ನಿನಲ್ಲಿ ಎರಡು ಪಟ್ಟಿ

ಭಾನುವಾರ, ಅಕ್ಟೋಬರ್ ೧೨
ಮನೆ, ಬೆಳಗಿನ ಹೊತ್ತು

ಪ್ರೀತಿಯ ಅಕ್ಕನಿಗೆ,

ನಿನ್ನ ಪತ್ರ ತಲುಪಿತು. ‘ವಿಜ್ಞಾನಿಗಳ ಸನ್ನಿಧಿಗೆ’ ಎಂದು ಶುರುಮಾಡಿದ್ದೀಯೆ. ಕಣ್ಣಿನ ಬ್ಯಾಂಡೇಜು ಬಿಚ್ಚಿದರು, ಎದುರು ಸಾಲಿನ ಅಂಗಡಿಗಳ ಬೋರ್ಡೆಲ್ಲ ಈಗ ಓದಲು ಬರುತ್ತವೆ, ಅವುಗಳಲ್ಲಿ ಓದುವಂಥದ್ದು ಏನೂ ಇಲ್ಲ ಎಂದು ಆಪರೇಷನ್ನಿನ ವಿಷಯವನ್ನು ಒಂದೇ ಸಾಲಿನಲ್ಲಿ ಮುಗಿಸಿ, ಮುಂದಿನ ಸಾಲಿನಲ್ಲಿ ನೇರವಾಗಿ ಕೇಳಿದ್ದೀಯೆ: ‘ಗುಂಡನ್ನ ಶನಿವಾರ ಕರ್ಕೊಂಡು ಬರ್ತೀಯೋ ಇಲ್ವೋ? ಇಲ್ಲ ಅನ್ನೋದಾದ್ರೆ ಹಾಗಂತ ಬರೆದು ತಿಳಿಸು. ಫೋನಲ್ಲಿ ನೀನು ಹೂಂ ಅಂತೀಯ ಅಷ್ಟೇ.’

ನೀನು ಹೇಳಿದ್ದು ಸರಿ. ಫೋನಿನಲ್ಲಿ ನಾನು ಹೂಂ ಎನ್ನುತ್ತೇನೆ. ಆದ್ದರಿಂದಲೇ ಬರೆಯುತ್ತಿದ್ದೇನೆ. ಉತ್ತರವನ್ನು ಮೊದಲ ಪುಟದಲ್ಲೇ ಬರೆದುಬಿಡಿ ಎಂದು ಇವಳು ಹೇಳಿದಳು. (ಹೆಂಡತಿಯನ್ನು ‘ಇವಳು’ ಎಂದಲ್ಲದೆ ಬೇರೇನೂ ಕರೆಯಲು ಬಾರದ ಗಂಡಸು ಎಂದು ನಮ್ಮ ಮದುವೆಯಾದ ವರ್ಷವೇ ನೀನು ಆಡಿಕೊಂಡಿದ್ದೆ, ಇನ್ನೂ ಕಲಿತಿಲ್ಲ.) ಆದರೆ ತೀರ್ಮಾನವನ್ನು ಕೊನೆಗೆ ಬರೆಯುವುದು ವರದಿಗಳನ್ನು ಬರೆದು ಬರೆದು ನನ್ನ ಕೈಗೆ ಅಂಟಿಕೊಂಡ ಅಭ್ಯಾಸ. ಸ್ವಲ್ಪ ತಾಳ್ಮೆಯಿಂದ ಓದು. ಹೊಸ ಕಣ್ಣಿಗೆ ಆಯಾಸವಾದರೆ ನಡುವೆ ಎದ್ದು ಹೋಗಿ ಟೀ ಕುಡಿದು ಬಾ.

ಮೊದಲು ನಿನ್ನ ಅನುಮಾನದ ವಿಷಯ. ನಿನ್ನ ಕಣ್ಣು ವಾಸಿಯಾಗುವವರೆಗೆ ಚಿಕ್ಕ ತಮ್ಮ ಗುಂಡ ನಮ್ಮಲ್ಲಿರಲಿ ಎಂದು ನಾನು ಹೇಳಿದ್ದು ನಿಜ. ಅದಕ್ಕಿಂತ ಹೆಚ್ಚಿನದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ ಎಂಬುದೂ ನಿಜ. ಅವನನ್ನು ಇನ್ನು ಮುಂದೆ ಇಲ್ಲಿಯೇ, ನಮ್ಮ ಜೊತೆಗೇ ಇರಿಸಿಕೊಳ್ಳಬೇಕೆಂದು ನಾನು ಯೋಚಿಸಿದ್ದೆ. ನಿನಗೆ ಅದು ತಿಳಿದದ್ದು ಹೇಗೆಂದು ಈಗ ಗೊತ್ತಾಯಿತು. ‘ಅಕ್ಕಾ, ನನಗೆ ಇಲ್ಲಿ ಹೊಸ ಮಂಚ ತರ್ತಾರಂತೆ’ ಎಂದು ಅವನೇ ಫೋನಿನಲ್ಲಿ ಹೇಳಿದನಂತೆ. ಕಣ್ಣು ವಾಸಿಯಾಗುವ ತನಕ ಬಂದು ಹೋಗುವ ನೆಂಟನಿಗಾಗಿ ಯಾರೂ ಮಂಚ ಕೊಳ್ಳುವುದಿಲ್ಲ. ಟೇಪು ಹಿಡಿಯದೆ ಕಣ್ಣಳತೆಯಲ್ಲೇ ಕೋಟು ಕತ್ತರಿಸುವವಳಿಗೆ ಇದನ್ನು ಊಹಿಸಲು ಎಷ್ಟು ಹೊತ್ತು ಬೇಕು?

ನಿನ್ನಿಂದ ಏಕೆ ಮುಚ್ಚಿಟ್ಟೆ ಎಂದು ಕೇಳಿದ್ದೀಯೆ. ಹೇಳಿದರೆ ನೀನು ಬೇಡವೆನ್ನುತ್ತಿದ್ದೆ. ನೀನು ಬೇಡವೆಂದರೆ ಅದರ ಮೇಲೆ ಮಾತಾಡಲು ಈ ಐವತ್ತೆರಡನೆಯ ವಯಸ್ಸಿನಲ್ಲೂ ನನಗೆ ಬಾಯಿ ಬರುವುದಿಲ್ಲ. ಕಾರಣ ಅಷ್ಟೇ, ದೊಡ್ಡದೇನೂ ಇಲ್ಲ.

ಯೋಚನೆ ಶುರುವಾದದ್ದು ಏಪ್ರಿಲ್‌ನಲ್ಲಿ ನಾನು ನಿನ್ನಲ್ಲಿಗೆ ಬಂದಿದ್ದಾಗ. ಗುಂಡನನ್ನು ಕ್ಷೌರಕ್ಕೆ ಕರೆದುಕೊಂಡು ಹೋಗಿ, ನದಿ ದಂಡೆಯಲ್ಲಿ ಒಂದು ಸುತ್ತು ಹಾಕಿಸಿ, ಮಧ್ಯಾಹ್ನ ಇಳಿದ ಮೇಲೆ ನಿನ್ನ ಹೊಲಿಗೆ ಅಂಗಡಿಗೆ ಮರಳಿದೆ. ಬಾಗಿಲಲ್ಲೇ ವಾಸನೆ ಬಡಿಯಿತು. ಕೋಟಿನ ಒಳಪದರ ಪಾಲಿಯೆಸ್ಟರ್. ಅದು ಕಾದು ಕೆಡಲು ತೊಡಗುವಾಗಿನ ವಾಸನೆಯನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ. ನೀನು ಇಸ್ತ್ರಿಪೆಟ್ಟಿಗೆಯ ಹಿಡಿಯ ಮೇಲೆ ಕೈಯಿಟ್ಟು, ಕಣ್ಣು ತೆರೆದೇ ಇದ್ದು, ಎಲ್ಲಿಯೋ ನೋಡುತ್ತ ನಿಂತಿದ್ದೆ. ಕೆಳಗೆ ಯಾರದೋ ಕೋಟಿನ ತೋಳು ಸುಡುತ್ತಿತ್ತು. ನಾನು ಬಂದು ಪೆಟ್ಟಿಗೆ ಎತ್ತಿದ ಮೇಲೆ ನೀನು ನಕ್ಕು, ‘ಇದಕ್ಕೂ ವಯಸ್ಸಾಯ್ತು ಕಣೋ, ಎಲ್ಲಿ ನಿಲ್ಲಬಾರದೋ ಅಲ್ಲೇ ನಿಲ್ಲುತ್ತೆ’ ಅಂದೆ. ನಾನೂ ನಕ್ಕೆ. ಆದರೆ ರೈಲಿನಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನನ್ನ ಕೊಳವೆಗಳ ವಿಚಾರವೇ ತಲೆಯಲ್ಲಿತ್ತು.

ನನ್ನ ಕೆಲಸವೇನೆಂದು ನಿನಗೆ ನಾನು ಎಂದೂ ಸರಿಯಾಗಿ ಹೇಳಿಲ್ಲ. ಕೇಳಿದವರಿಗೆಲ್ಲ ನೀನು ‘ನಮ್ಮ ತಮ್ಮ ಪ್ಲಾಸ್ಟಿಕ್ ಬೇಯಿಸ್ತಾನೆ’ ಎನ್ನುತ್ತೀಯೆ. ತಪ್ಪೇನಿಲ್ಲ. ಬಿಸಿನೀರು ಹರಿಯುವ ಪ್ಲಾಸ್ಟಿಕ್ ಕೊಳವೆಗೆ ಒಳಗಿನಿಂದ ಶಾಖ, ಹೊರಗಿನಿಂದ ಗಾಳಿಯ ಆಮ್ಲಜನಕ. ಎರಡೂ ಸೇರಿದರೆ ಪ್ಲಾಸ್ಟಿಕ್ಕಿನ ಉದ್ದುದ್ದ ಎಳೆಗಳು ತುಂಡಾಗುತ್ತ ಹೋಗುತ್ತವೆ, ಬಾಗುತ್ತಿದ್ದದ್ದು ಒಡೆಯುತ್ತದೆ. ಅದಕ್ಕಾಗಿ ತಯಾರಿಸುವಾಗಲೇ ಅದರೊಳಗೆ ಚಿಟಿಕೆಯಷ್ಟು ಇನ್ನೊಂದು ರಾಸಾಯನಿಕವನ್ನು ಬೆರೆಸಿರುತ್ತಾರೆ. ನಮ್ಮಲ್ಲಿ ಅದಕ್ಕೆ ಕಾವಲುಗಾರ ಎಂದೇ ಹೆಸರು. ಆಮ್ಲಜನಕ ಬಂದು ಎರಗಿದಾಗ ಎಳೆಗಳ ಬದಲು ಅದು ತನ್ನನ್ನು ತಾನು ಕೊಟ್ಟುಕೊಳ್ಳುತ್ತದೆ. ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಕಾವಲುಗಾರ ಖರ್ಚಾಗುತ್ತಿರುವಷ್ಟು ಕಾಲವೂ ಕೊಳವೆ ಹೊಸದರಂತೆಯೇ ಇರುತ್ತದೆ. ಅದೇ ಬಣ್ಣ, ಅದೇ ಹೊಳಪು, ಎಳೆದರೆ ಅದೇ ಬಲ. ಕೊನೆಯ ಕಣ ಮುಗಿದ ಮೇಲೆ ಹೆಚ್ಚು ದಿನ ಬೇಕಿಲ್ಲ, ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನಂತೆ ಮುರಿಯುತ್ತದೆ. ಆದ್ದರಿಂದ ನಾವು ಮೇಲ್ನೋಟವನ್ನು ನಂಬುವುದಿಲ್ಲ. ಉಗುರಿನ ಚೂರಿನಷ್ಟು ತುಣುಕನ್ನು ಕತ್ತರಿಸಿ, ಆಮ್ಲಜನಕದಲ್ಲಿಟ್ಟು ಕಾಯಿಸಿ, ಇನ್ನೆಷ್ಟು ಹೊತ್ತು ತಡೆಯುತ್ತದೆಂದು ನೋಡುತ್ತೇವೆ.

ನಿನ್ನಿಂದ ಚೂರು ಕತ್ತರಿಸಲು ಬರುವುದಿಲ್ಲ. ಅಪ್ಪ ಅಮ್ಮ ಹೋದಂದಿನಿಂದ ಗುಂಡನನ್ನು ನೀನೊಬ್ಬಳೇ ನೋಡಿಕೊಂಡಿದ್ದೀಯೆ. ನಲವತ್ತಾರು ದಾಟಿದ ಅವನನ್ನು ಡಾಕ್ಟರು ಇಂದಿಗೂ ‘ಈ ಹುಡುಗ’ ಎನ್ನುತ್ತಾರೆಂದು ಸಿಡುಕುತ್ತೀಯೆಯೇ ಹೊರತು, ಅವನ ಬುದ್ಧಿ ನಿಧಾನಗತಿಯದೆಂದು ಒಮ್ಮೆಯೂ ಬೇಸರಿಸಿದವಳಲ್ಲ. ‘ನನಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ’ ಎನ್ನುವ ನಿನ್ನ ಮಾತು, ಸುಡುತ್ತಿದ್ದ ಕೋಟಿನ ತೋಳು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ತೋರಿದ್ದು ಒಂದೇ: ಅಕ್ಕ ಮುಗಿದುಹೋಗುವ ಮೊದಲು ಗುಂಡನನ್ನು ಅಲ್ಲಿಂದ ಕರೆತರಬೇಕು.

ಅವನು ಇಲ್ಲಿ ಬಾಳಿಯಾನೇ ಎಂಬುದು ಮುಂದಿನ ಪ್ರಶ್ನೆಯಾಗಿತ್ತು. ಅದಕ್ಕೆ ಉತ್ತರ ಕಂಡುಕೊಳ್ಳಲು ನಾನು ಆರಿಸಿಕೊಂಡ ದಾರಿಯನ್ನು ನಿನಗೆ ಬರೆಯಲು ಸಂಕೋಚವಾಗುತ್ತದೆ. ಆದರೂ ಬರೆಯುತ್ತೇನೆ, ಏಕೆಂದರೆ ಗುಂಡ ಬಂದ ಕೂಡಲೇ ನಿನಗೆ ಹೇಳಿಯೇ ಹೇಳುತ್ತಾನೆ, ಮತ್ತು ನನ್ನನ್ನು ಅನುಕರಿಸಿ ತೋರಿಸುತ್ತಾನೆ.

ಕೊಳವೆ ಐವತ್ತು ವರ್ಷ ಬಾಳಬೇಕು. ಅಷ್ಟು ಕಾಲ ಕಾಯುವ ಗಿರಾಕಿ ಯಾರೂ ಇಲ್ಲ. ಕಾದು ಹೇಳಲು ನಮಗೂ ಆಯುಸ್ಸು ಸಾಲದು. ಹಾಗಾಗಿ ಶಾಖವನ್ನು ಏರಿಸುತ್ತೇವೆ. ವರ್ಷಗಳಲ್ಲಿ ಆಗುವುದು ವಾರಗಳಲ್ಲಿ ಆಗುತ್ತದೆ. ಅದರಿಂದ ಹಿಂದಕ್ಕೆ ಲೆಕ್ಕ ಹಾಕುತ್ತೇವೆ. ಇದನ್ನೇ ನಾನು ಗುಂಡನ ಮೇಲೆ ಮಾಡಿದೆ. ಮೊದಲ ವಾರದಲ್ಲೇ ಕಷ್ಟವಾದದ್ದನ್ನೆಲ್ಲ ಒಟ್ಟಿಗೆ ಕೊಟ್ಟುಬಿಟ್ಟರೆ, ಅದನ್ನು ತಾಳಿದರೆ, ಮುಂದಿನ ಸೌಮ್ಯವಾದ ವರ್ಷಗಳನ್ನು ತಾಳುವುದರಲ್ಲಿ ಸಂದೇಹವಿಲ್ಲ ಎಂಬ ತರ್ಕ. ಅವನ ರೇಡಿಯೊ ತೆಗೆದು ಬೀರುವಿನ ಮೇಲಿಟ್ಟೆ. ರಾತ್ರಿಯ ಊಟದ ವೇಳೆಯನ್ನು ಬದಲಿಸಿದೆ. ಒಂದು ದಿನ ನನ್ನ ಓದುವ ಕೋಣೆಯಲ್ಲಿ ಮಲಗಿಸಿದೆ, ಮರುದಿನ ಹಾಲಿನಲ್ಲಿ. ಬಸ್ಸುಗಳು ಕಿಕ್ಕಿರಿದಿರುವ ಹೊತ್ತನ್ನೇ ನೋಡಿ ಮಾರುಕಟ್ಟೆಗೆ ಕರೆದೊಯ್ದೆ. ಒಂದು ಮಧ್ಯಾಹ್ನ ಕೆಳಗಿನ ಮನೆಯ ನಿವೃತ್ತ ದಂತವೈದ್ಯರ ಬಳಿ, ಅವರ ಎರಡು ನಾಯಿಗಳ ನಡುವೆ ಬಿಟ್ಟೆ.

ಅವನು ತಾಳಿದ. ನನ್ನ ದೃಷ್ಟಿಯಲ್ಲಿ ಅತ್ಯುತ್ತಮವಾಗಿ ತಾಳಿದ. ದಂತವೈದ್ಯರ ನಾಯಿ ಬಾಯಿ ತೆರೆದಾಗ, ‘ಇದಕ್ಕೂ ಹಲ್ಲು ನೀವೇ ಕಟ್ಟಿದ್ದಾ?’ ಎಂದು ಕೇಳಿದನಂತೆ. ಪ್ರಯೋಗಾಲಯದ ಕ್ಯಾಂಟೀನಿನಲ್ಲಿ ನಮ್ಮ ನಿರ್ದೇಶಕರ ಎದುರೇ ಕುಳಿತು, ‘ನೀವೂ ದಪ್ಪ, ನಾನೂ ದಪ್ಪ. ಇವನೊಬ್ಬ ಯಾಕೆ ಹೀಗೆ ಒಣಗಿದಾನೆ, ಊಟ ಹಾಕಲ್ವಾ?’ ಅಂದ. ನಿರ್ದೇಶಕರು ಅಂದಿನಿಂದ ನನ್ನನ್ನು ಕಂಡಾಗಲೆಲ್ಲ ಊಟ ಆಯಿತೇ ಎಂದು ವಿಚಾರಿಸುತ್ತಿದ್ದಾರೆ. ನಾನು ಒಳಗೊಳಗೇ ಹಿಗ್ಗಿದೆ. ಪರೀಕ್ಷೆಯಲ್ಲಿ ಗೆದ್ದ ಎಂದುಕೊಂಡು ಆ ವಾರದ ಶನಿವಾರ ಮಂಚ ಕೊಳ್ಳಲು ಕರೆದುಕೊಂಡು ಹೋದೆ.

ಅದೊಂದು ದೊಡ್ಡ ಪೀಠೋಪಕರಣದ ಅಂಗಡಿ. ರಿಯಾಯಿತಿಯ ದಿನ; ಜನವೋ ಜನ, ಜೋರು ಹಾಡು, ಮೇಲೆಲ್ಲ ದೀಪ. ಮಾರಾಟದವನು ಗುಂಡನ ಬೂಟು ಬಿಚ್ಚಿಸಿ, ಒಂದಾದ ಮೇಲೊಂದು ಮಂಚದ ಮೇಲೆ ಅವನನ್ನು ಮಲಗಿಸುತ್ತ, ಇದು ಗಟ್ಟಿ, ಇದು ಮೆತ್ತಗೆ ಎಂದು ವಿವರಿಸುತ್ತಿದ್ದ. ನಾನು ಪ್ಲೈವುಡ್ಡಿನ ಅಂಚು ಪರೀಕ್ಷಿಸಲು ಬಗ್ಗಿದೆ. ತಲೆಯೆತ್ತುವಷ್ಟರಲ್ಲಿ ಗುಂಡನಿರಲಿಲ್ಲ. ಎಲ್ಲಕ್ಕಿಂತ ಕೊನೆಯಲ್ಲಿದ್ದ ಜೋಡಿ ಮಂಚದ ಕೆಳಗೆ ಹೋಗಿ, ಗೋಡೆಯ ಕಡೆ ತಿರುಗಿ, ಕಿವಿ ಮುಚ್ಚಿಕೊಂಡು ಮಲಗಿದ್ದ. ಮಾರಾಟದವನು ಬಗ್ಗಿ ನೋಡಿ, ‘ಹೊರಗೆ ಬನ್ನಿ ಸಾರ್, ನಾವು ಮೇಲ್ಗಡೆ ಮಾತ್ರ ಮಾರೋದು’ ಎಂದು ತಮಾಷೆ ಮಾಡಿದ. ಗುಂಡ ನಗಲಿಲ್ಲ. ಅವನು ತಮಾಷೆಗೆ ನಗದಿದ್ದರೆ ಅದು ಎಂಥ ಸ್ಥಿತಿ ಎಂದು ನಿನಗೆ ಗೊತ್ತು.

ನಾನು ಮಂಡಿಯೂರಿ ಅವನಿಗೆ ತಿಳಿಹೇಳಿದೆ. ಕಾರಣಗಳನ್ನು ಕೊಟ್ಟೆ. ಕಿವಿ ಮುಚ್ಚಿಕೊಂಡವನಿಗೆ ಕಾರಣಗಳನ್ನು ಕೊಡುವುದು ಎಷ್ಟು ಉಪಯುಕ್ತವೆಂದು ಆಗ ಹೊಳೆಯಲಿಲ್ಲ. ಕೊನೆಗೆ ಇವಳಿಗೆ ಫೋನು ಮಾಡಿದೆ. ಇವಳು ಬಸ್ ನಿಲ್ದಾಣದ ನಿಯಂತ್ರಣ ಕೊಠಡಿಯಿಂದ ಸಮವಸ್ತ್ರದಲ್ಲೇ ಬಂದಳು. ಬೂಟು ಕಳಚಿ, ನೆಲಕ್ಕೆ ಒರಗಿ, ಮಂಚದ ಕೆಳಗೆ ಜಾರಿ, ಅವನ ಪಕ್ಕದಲ್ಲಿ ಮಲಗಿಬಿಟ್ಟಳು. ಆಮೇಲೆ ಬಹಳ ಹೊತ್ತು ಹೊರಗೆ ಕಾಣುತ್ತಿದ್ದದ್ದು ನಾಲ್ಕು ಪಾದಗಳು ಮಾತ್ರ. ಮಾರಾಟದವನು ನನ್ನ ಕಡೆ ತಿರುಗಿ, ‘ಇನ್ನೂ ಯಾರಾದ್ರೂ ಬರೋರಿದಾರಾ ಸಾರ್?’ ಎಂದು ಮೆಲ್ಲಗೆ ಕೇಳಿದ. ಅಂಗಡಿಯ ಜನರ ನಡುವೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎರಡು ಜೊತೆ ಬೂಟುಗಳನ್ನು ಕಾಯುತ್ತ ನಾನು ನಿಂತಿದ್ದೆ. ಅವರಿಬ್ಬರೂ ತಾವಾಗಿಯೇ ಹೊರಬಂದರು. ಅವನಿಗೆ ಏನು ಹೇಳಿದೆ ಎಂದು ಇವಳನ್ನು ಆಮೇಲೆ ಕೇಳಿದರೆ, ‘ಏನೂ ಹೇಳ್ಲಿಲ್ಲ. ಬೆಳಗ್ಗೆಯಿಂದ ನಿಂತೂ ನಿಂತೂ ಸಾಕಾಗಿತ್ತು, ಸುಮ್ಮನೆ ಮಲಗಿದ್ದೆ. ಚೆನ್ನಾಗಿತ್ತು’ ಅಂದಳು.

ಅಂದಿನಿಂದ ಗುಂಡ ಮಾತಾಡಲಿಲ್ಲ. ಬ್ರೆಡ್ಡು ಬಿಟ್ಟು ಬೇರೇನೂ ತಿನ್ನಲಿಲ್ಲ. ನೀನು ಫೋನು ಮಾಡಿದಾಗ ‘ಸ್ನಾನಕ್ಕೆ ಹೋಗಿದ್ದಾನೆ’ ಎಂದು ನಾನು ಹೇಳಿದ್ದು ಆ ದಿನಗಳಲ್ಲಿ. ಅದು ಸುಳ್ಳು. ಇವಳು ಅಡಿಗೆಮನೆಯಲ್ಲಿ ನನ್ನ ಮುಂದೆ ತಟ್ಟೆಯಿಟ್ಟು, ‘ಅವನೇನು ನಿಮ್ಮ ಕೊಳವೆಯಾ?’ ಎಂದಷ್ಟೇ ಕೇಳಿ ಹೊರಟುಹೋದಳು.

ಸೋಮವಾರ ಕೆಲಸದಲ್ಲಿ ನನ್ನ ಸಹೋದ್ಯೋಗಿಯ ಬಳಿ, ಒಂದು ಸ್ಯಾಂಪಲಿನ ಸಂಗತಿ ಎಂಬಂತೆ, ಇದನ್ನು ಪ್ರಸ್ತಾಪಿಸಿದೆ. ಆಕೆ ನನಗಿಂತ ಚಿಕ್ಕವಳು, ಓವನ್ನುಗಳ ಉಸ್ತುವಾರಿ ಅವಳದು, ಯಾರ ಮುಲಾಜೂ ಇಟ್ಟುಕೊಳ್ಳುವವಳಲ್ಲ. ಕೇಳಿ, ‘ಸಾರ್, ಅಷ್ಟು ಶಾಖದಲ್ಲಿ ಅದು ಕರಗಿಬಿಡುತ್ತಲ್ವಾ? ಕರಗಿದ್ದನ್ನ ನೋಡಿ ಗಟ್ಟಿಯಾಗಿರೋದರ ಆಯುಸ್ಸು ಹೇಗೆ ಹೇಳ್ತೀರಿ? ಹೊಸಬರಿಗೆ ಮೊದಲನೇ ದಿನ ನೀವೇ ಹೇಳಿಕೊಡೋದು ಅದು’ ಅಂದಳು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, ‘ಅವತ್ತು ಕ್ಯಾಂಟೀನಿಗೆ ಬಂದಿದ್ರಲ್ಲ, ನಿಮ್ಮ ತಮ್ಮ, ಈಗ ಊಟ ಮಾಡ್ತಿದಾರಾ?’ ಎಂದು ಕೇಳಿದಳು.

ಅವಳು ಹೇಳಿದ್ದು ನಮ್ಮ ವೃತ್ತಿಯ ಅಕ್ಷರಾಭ್ಯಾಸದ ಮಾತು. ಶಾಖ ಏರಿಸಲು ಒಂದು ಮಿತಿಯಿದೆ. ಆ ಮಿತಿಯ ಆಚೆಗೆ ಪ್ಲಾಸ್ಟಿಕ್ ಬೇಗ ಮುಪ್ಪಾಗುವುದಿಲ್ಲ, ಬೇರೆಯೇ ವಸ್ತುವಾಗುತ್ತದೆ. ಅಲ್ಲಿ ಕಂಡದ್ದು ಇಲ್ಲಿಗೆ ಅನ್ವಯಿಸುವುದಿಲ್ಲ. ಕೊಳವೆಗಳ ವಿಚಾರದಲ್ಲಿ ನಾನು ಈ ತಪ್ಪನ್ನು ಒಮ್ಮೆಯೂ ಮಾಡಿದವನಲ್ಲ.

ಮನೆಗೆ ಬಂದವನೇ ರೇಡಿಯೊವನ್ನು ಅವನ ತಲೆದೆಸೆಯಲ್ಲಿಟ್ಟೆ. ಊಟದ ಹೊತ್ತನ್ನು ಮೊದಲಿನಂತೆ ಮಾಡಿದೆ. ಅವನಿಗೆ ಒಂದೇ ಕೋಣೆ, ಒಂದೇ ಮೂಲೆ ಎಂದು ಗೊತ್ತುಮಾಡಿದೆ. ಮಂಚದ ಮಾತು ಎತ್ತಲಿಲ್ಲ. ಮಂಗಳವಾರ ಬೆಳಿಗ್ಗೆ ಅವನ ಮೊದಲ ಮಾತು ಬಂತು: ‘ಅಣ್ಣ, ಇದನ್ನ ಸ್ವಲ್ಪ ಈ ಕಡೆ ತಿರುಗಿಸು, ಗೊರಗೊರ ಅಂತಿದೆ.’ ನಾನು ರೇಡಿಯೊ ತಿರುಗಿಸಿದೆ. ಇವಳು ಬಚ್ಚಲುಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಹೊತ್ತು ಅಲ್ಲೇ ಇದ್ದಳು.

ನಾನು ನಿನಗೆ ಹೇಳಬೇಕೆಂದಿರುವುದು ಇದರ ನಂತರದ ದಿನಗಳ ವಿಷಯ. ಅವನನ್ನು ಅವನ ಪಾಡಿಗೆ ಬಿಟ್ಟ ಮೇಲೆ ಅವನು ಏನು ಮಾಡುತ್ತಾನೆಂದು ನಾನು ಮೊದಲ ಬಾರಿಗೆ ನೋಡಿದೆ. ಅಂಗಡಿಯಲ್ಲಿ ಅವನು ನಿನ್ನ ಪಕ್ಕದಲ್ಲಿ ಕುಳಿತಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಕುಳಿತಿದ್ದಾನೆ ಎಂದಷ್ಟೇ ತಿಳಿದಿದ್ದೆ.

ಇವಳು ಕೆಲಸದಿಂದ ಬರುವ ಹೊತ್ತಿಗೆ ಅವನು ಬಾಗಿಲ ಬಳಿಯ ಕುರ್ಚಿಯನ್ನು ಎಳೆದು ಸಿದ್ಧಮಾಡಿರುತ್ತಾನೆ. ಚೀಲ ಇಸಿದುಕೊಳ್ಳುತ್ತಾನೆ. ನೀರು ಕೊಟ್ಟು, ಲೋಟ ಖಾಲಿಯಾಗುವವರೆಗೆ ಮುಂದೆಯೇ ನಿಲ್ಲುತ್ತಾನೆ. ಅರ್ಧ ಕುಡಿದು ಇಟ್ಟರೆ ‘ಇನ್ನೂ ಇದೆ’ ಎನ್ನುತ್ತಾನೆ. ರಜೆಯ ದಿನ ಮಧ್ಯಾಹ್ನ ಇವಳ ಕೈಯಲ್ಲಿದ್ದ ಕೆಲಸ ಕಿತ್ತಿಟ್ಟು, ‘ಮಲ್ಕೊ. ಯಾರಾದ್ರೂ ಬಂದ್ರೆ ನಾನು ಕೂರಿಸಿರ್ತೀನಿ’ ಎಂದು ದೀಪ ಆರಿಸುತ್ತಾನೆ. ಇವಳು ಮಲಗಿದಂತೆ ನಟಿಸಿದರೆ ಅವನಿಗೆ ಗೊತ್ತಾಗುತ್ತದೆ. ‘ಕಳ್ಳನಿದ್ದೆ ಬೇಡ’ ಎಂದು ಗದರಿಸುತ್ತಾನೆ. ಒಂದು ದಿನ ಇವಳು ಗುಂಡಿ ಹೊಲಿಯಲು ಕುಳಿತಾಗ, ಅವನು ಪೆಟ್ಟಿಗೆಯಲ್ಲಿದ್ದ ಸೂಜಿಗಳಿಗೆಲ್ಲ ಬಣ್ಣಬಣ್ಣದ ದಾರ ಪೋಣಿಸಿ, ಸಾಲಾಗಿ ದಿಂಬಿಗೆ ಚುಚ್ಚಿಟ್ಟ. ಇಷ್ಟು ಯಾಕೋ ಎಂದರೆ, ‘ಅಕ್ಕಂಗೆ ದಾರ ಪೋಣ್ಸಕ್ಕೆ ಆಗಲ್ಲ, ಮಂಜು ಮಂಜು. ನಾನು ಹೇಳಲ್ಲ, ಅವಳೂ ಹೇಳಲ್ಲ’ ಅಂದ. ನಿನ್ನ ಕಣ್ಣಿನ ಪೊರೆ ಡಾಕ್ಟರಿಗಿಂತ ಎಷ್ಟು ಮೊದಲೇ ಅವನಿಗೆ ಗೊತ್ತಿತ್ತು ಎಂದು ಕೇಳಿದೆ. ಅವನಿಗೆ ಕಾಲದ ಲೆಕ್ಕ ಬಾರದು. ‘ತುಂಬಾ ಸೂಜಿ’ ಅಂದ.

ಅಂದೇ ನನಗೆ ಏಪ್ರಿಲ್‌ನ ಆ ಮಧ್ಯಾಹ್ನ ಮತ್ತೆ ನೆನಪಾಯಿತು. ನಿನ್ನನ್ನು ಮಲಗು ಎಂದು ಹೇಳಿ ದೀಪ ಆರಿಸುವವನನ್ನು ಅಂದು ನಾನು ನದಿ ದಂಡೆಯಲ್ಲಿ ಅಡ್ಡಾಡಿಸುತ್ತಿದ್ದೆ. ನೀನು ಮುಗಿದುಹೋಗುತ್ತಿದ್ದೀಯೆ ಎಂಬುದಕ್ಕೆ ನಾನು ಇಟ್ಟುಕೊಂಡಿದ್ದ ಏಕೈಕ ಸಾಕ್ಷ್ಯ, ಅವನು ನಿನ್ನ ಬಳಿ ಇಲ್ಲದ ಒಂದು ಮಧ್ಯಾಹ್ನದ್ದು.

ಇದರ ಬೆನ್ನಿಗೇ ನಿನ್ನ ಪಕ್ಕದ ಬೀಗದ ಅಂಗಡಿಯವರು ನನಗೆ ಫೋನು ಮಾಡಿದರು. ಅವರ ಮೇಲೆ ಸಿಟ್ಟಾಗಬೇಡ. ನಂಬರು ಕೊಟ್ಟು ಬಂದವನು ನಾನು. ‘ನಿಮ್ಮ ಅಕ್ಕ ಡಾಕ್ಟರ್ ಬೇಡ ಅಂದ್ರೂ ಮಿಷನ್ ತುಳೀತಿದಾರೆ. ದೀಪ ಆರ್ಸೋದೇ ಇಲ್ಲ. ಊಟ ಆಯ್ತಾ ಅಂದ್ರೆ, ನಿಮ್ಮ ಬೀಗ ನೀವು ನೋಡ್ಕೊಳ್ಳಿ ಅಂತಾರೆ. ಮೊನ್ನೆ ಒಬ್ಬ ಗಿರಾಕಿ ಮೇಲೆ ಪ್ಯಾಂಟೇ ಎಸೆದ್ರು. ಸ್ವಾಮಿ, ಆ ಮನುಷ್ಯನ್ನ ಬೇಗ ಕಳಿಸಿ’ ಎಂದರು. ನನ್ನ ಯೋಜನೆಯ ಪ್ರಕಾರ ಈ ವಾರಗಳಲ್ಲಿ ನೀನು ವಿಶ್ರಾಂತಿ ಪಡೆದು ಮೈ ತುಂಬಿಕೊಳ್ಳಬೇಕಾಗಿತ್ತು.

ಈಗ ನನ್ನ ಓವನ್ನಿನ ಒಂದು ಸಂಗತಿ ಬರೆಯುತ್ತೇನೆ. ಕಳೆದ ವರ್ಷ ಒಂದು ಓವನ್ನಿನ ಫ್ಯಾನು ಕೆಟ್ಟಿತು. ಅದರಲ್ಲಿ ಕಾಯಿಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಗಳನ್ನು ಪಕ್ಕದ ಓವನ್ನಿಗೆ ವರ್ಗಾಯಿಸಲು ನಾನೇ ಹೇಳಿದೆ. ಹೀಗಾಗಿ ಕಾವಲುಗಾರ ಇರುವ ಪಟ್ಟಿ, ಕಾವಲುಗಾರ ಇಲ್ಲದ ಬರಿಯ ಪಟ್ಟಿ, ಎರಡೂ ಒಂದೇ ಸರಳಿಗೆ ಅಕ್ಕಪಕ್ಕ ತೂಗಿದವು. ಬರಿಯದು ಕೆಲವೇ ದಿನಗಳಲ್ಲಿ ಪುಡಿಯಾಗಬೇಕಿತ್ತು. ಆಗಲಿಲ್ಲ, ವಾರಗಟ್ಟಲೆ ಚೆನ್ನಾಗಿಯೇ ಇತ್ತು. ಸಹೋದ್ಯೋಗಿ ಓವನ್ ಸರಿಯಾಗಿ ಕಾಯುತ್ತಿಲ್ಲವೆಂದು ಥರ್ಮಾಮೀಟರ್ ಬದಲಿಸಿದಳು. ಶಾಖ ಸರಿಯಾಗಿಯೇ ಇತ್ತು. ತುಣುಕು ಕತ್ತರಿಸಿ ನೋಡಿದರೆ, ಬೆರೆಸದೇ ಇದ್ದ ಕಾವಲುಗಾರ ಅದರೊಳಗೆ ಸಿಕ್ಕಿತು. ಬಿಸಿಗೆ ಅದು ಆವಿಯಾಗಿ, ಓವನ್ನಿನ ಗಾಳಿಯಲ್ಲಿ ಸುತ್ತಿ, ಪಕ್ಕದ ಪಟ್ಟಿಯಿಂದ ಇದರೊಳಗೆ ಇಳಿದಿತ್ತು. ಯಾರ ಕಣ್ಣಿಗೂ ಕಾಣದೆ, ಒಂದಕ್ಕೊಂದು ತಾಗದೆ. ಎರಡು ಪಟ್ಟಿಗಳೂ ನೋಡಲು ಒಂದೇ ರೀತಿ ಹಾಲುಬಿಳಿ. ಹೊರಗಿನಿಂದ ನೋಡಿ ಯಾವುದು ಕೊಟ್ಟಿತು, ಯಾವುದು ಪಡೆಯಿತು ಎಂದು ಹೇಳುವುದು ನನ್ನಷ್ಟು ವರ್ಷ ಕೆಲಸ ಮಾಡಿದವನಿಗೂ ಸಾಧ್ಯವಿಲ್ಲ.

ಇದನ್ನು ಇಲ್ಲಿ ಏಕೆ ಬರೆದೆನೆಂದು ನಿನಗೆ ಅರ್ಥವಾಗುತ್ತದೆ. ಬಿಡಿಸಿ ಬರೆಯಲು ನನಗೆ ಬರುವುದಿಲ್ಲ. ನೀನು ಅವನಿಗೆ ಏನೂ ಮಾಡಿಲ್ಲ ಎಂದು ನಾನು ಹೇಳುತ್ತಿಲ್ಲ. ನೀನು ಮಾಡಿದ್ದಕ್ಕೆ ಅಳತೆಯಿಲ್ಲ. ಆದರೆ ಕೊಡುವವಳು ನೀನು, ತೆಗೆದುಕೊಳ್ಳುವವನು ಅವನು ಎಂದು ನಾನು ನೋಡದೆಯೇ ಗುರುತುಚೀಟಿ ಅಂಟಿಸಿದ್ದೆ. ನಿನಗೆ ಇದು ಮೊದಲಿನಿಂದಲೂ ಗೊತ್ತಿತ್ತೇ? ಗೊತ್ತಿದ್ದರೆ ‘ಅವನಿಲ್ಲದೆ ನನಗಾಗಲ್ಲ’ ಎಂಬ ಒಂದು ಸಾಲನ್ನು ನಿನ್ನ ಪತ್ರದಲ್ಲಿ ಬರೆಯಬಹುದಿತ್ತು. ಬರೆಯಲಿಲ್ಲ. ಫೋನಿನಲ್ಲಿ ಹೂಂ ಎನ್ನುವವನು ಈ ಮನೆತನದಲ್ಲಿ ನಾನೊಬ್ಬನೇ ಅಲ್ಲ.

ಆದ್ದರಿಂದ ತೀರ್ಮಾನ. ಗುಂಡನನ್ನು ಶನಿವಾರ ಬೆಳಗಿನ ರೈಲಿಗೆ ಕರೆದುಕೊಂಡು ಬರುತ್ತೇನೆ. ಅವನು ನಿನ್ನ ಬಳಿಯೇ ಇರುತ್ತಾನೆ. ಇದನ್ನು ಇನ್ನು ಯಾವ ಕಾಲಕ್ಕೂ ನಾನು ಕೆದಕುವುದಿಲ್ಲ.

ಅಷ್ಟರವರೆಗೆ ಮಿಷನ್ನಿಗೆ ಮುಸುಕು ಹಾಕಿಡು. ಡಾಕ್ಟರು ಕೊಟ್ಟ ಹನಿಗಳನ್ನು ಹಾಕಿಕೊ. ಪ್ಯಾಂಟು ಎಸೆಸಿಕೊಂಡ ಗಿರಾಕಿಗೆ ಏನಾದರೊಂದು ಹೇಳಿ ಸಮಾಧಾನ ಮಾಡು. ನಿ­ನಗೆ ವಯಸ್ಸಾಗುತ್ತಿದೆ ಎಂಬ ನನ್ನ ಚಿಂತೆ ಈ ಎಲ್ಲದರಿಂದ ಸುಳ್ಳಾಗುವುದಿಲ್ಲ. ನಿಮ್ಮಿಬ್ಬರಿಗೂ ಆಗುತ್ತಿದೆ, ನಮಗೂ ಆಗುತ್ತಿದೆ. ನಾವು ಈಗಿನಂತೆ ವರ್ಷಕ್ಕೊಮ್ಮೆ ಅಲ್ಲದೆ, ಆಗಾಗ ಬಂದು ನಿಮ್ಮ ಜೊತೆ ಇದ್ದರೆ ನಿನಗೆ ತೊಂದರೆಯಾದೀತೇ ಎಂದು ಕೇಳಬೇಕೆಂದಿದ್ದೆ. ಶನಿವಾರ ಎದುರಿಗೇ ಕೇಳುತ್ತೇನೆ.

ನಿನ್ನ ಒಣಕಲು ತಮ್ಮ,
ಪ್ಲಾಸ್ಟಿಕ್ ಬೇಯಿಸುವವನು

ಮರೆತ ಮಾತು: ಇವಳು ಈಗಷ್ಟೇ ಪತ್ರವನ್ನು ಪೂರ್ತಿ ಓದಿದಳು. ‘ಇಷ್ಟು ಪುಟ ಬರೆದಿದ್ದೀರಿ, ಮುಖ್ಯ ವಿಷಯ ಎಲ್ಲಿ?’ ಎಂದು ಕೇಳಿ ಲೇಖನಿಯನ್ನು ಮತ್ತೆ ನನ್ನ ಕೈಗೆ ಕೊಟ್ಟು ಎದುರಿಗೇ ಕುಳಿತಿದ್ದಾಳೆ. ಹಾಗಾಗಿ ಬರೆಯುತ್ತೇನೆ. ಆಗಾಗ ಬರುವುದಲ್ಲ. ಇವಳು ನಿಮ್ಮ ಊರಿನ ಬಸ್ ನಿಲ್ದಾಣಕ್ಕೆ ವರ್ಗ ಕೇಳಿದ್ದಳು. ಆದೇಶ ಗುರುವಾರ ಬಂದಿದೆ. ಅಲ್ಲಿನ ಕೊಳವೆ ಕಾರ್ಖಾನೆಯವರು ನನ್ನನ್ನು ತೆಗೆದುಕೊಳ್ಳಲು ಒಪ್ಪಿದ್ದಾರೆ. ಅವರ ಬಳಿ ಇರುವುದು ಒಂದೇ ಓವನ್, ಅದರ ಬಾಗಿಲೂ ಸರಿಯಾಗಿ ಕೂರುವುದಿಲ್ಲವಂತೆ. ನಿನ್ನ ಬೀದಿಯ ತುದಿಯಲ್ಲಿ ಎರಡು ಕೋಣೆ ಗೊತ್ತುಮಾಡಿದ್ದೇವೆ. ನಿನ್ನನ್ನು ಕೇಳದೆ ಮಾಡಿದ್ದು ಸರಿಯಲ್ಲ ಎಂದು ನಾನು ಹೇಳಿದೆ. ಬೀದಿ ಅಕ್ಕನದಲ್ಲ ಎಂದು ಇವಳು ಬರೆಸುತ್ತಿದ್ದಾಳೆ. ಉಪಾಯ ಇವಳದೂ ಅಲ್ಲ, ನನ್ನದಂತೂ ಅಲ್ಲ. ನೀನು ಎಲ್ಲಿರ್ತೀಯೋ ಎಂದು ಗುಂಡನನ್ನು ಯಾರೂ ಕೇಳಿರಲಿಲ್ಲ; ಇವಳು ಕೇಳಿದಳು. ಅವನು ನಮ್ಮ ಮನೆಯನ್ನು ಒಂದು ಸುತ್ತು ನೋಡಿ ಬಂದು ಹೇಳಿದ: ‘ಅಕ್ಕನ ಹತ್ರ ಮಿಷನ್ನಿದೆ, ಬಟ್ಟೆ ಇದೆ, ನಾನಿದ್ದೀನಿ. ನಿಮ್ಮ ಹತ್ರ ಸಾಮಾನೇ ಇಲ್ಲ. ನೀವೇ ಬನ್ನಿ.’